ಹಿನ್ನೀರು ಇಳಿದಾಗ ಬೋಟಿನ ತಳದ ವಾಲ್ವ್ ರಿಪೇರಿ

ಬೋಟಿನ ತಳದ ವಾಲ್ವ್ ಬಿಚ್ಚಬೇಕೆಂದರೆ ಬೋಟು ನೀರಿನಿಂದ ಹೊರಗೆ ಬರಬೇಕು. ಕರಾವಳಿಯ ಬಂದರುಗಳಲ್ಲಿ ಅದಕ್ಕೆ ಬೇಕಾದ ಜಾಗ, ಜನ, ಯಂತ್ರ ಎಲ್ಲ ಇದೆ. ನಮ್ಮ ಶರಾವತಿ ಹಿನ್ನೀರಿನಲ್ಲಿ ಅದ್ಯಾವುದೂ ಇಲ್ಲ. ಹಾಗೆ ನೋಡಿದರೆ ಬೇಕಾಗಿಯೂ ಇಲ್ಲ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಮಳೆ ಹೋದ ಮೇಲೆ ಕರೆಂಟಿಗೆ ನೀರು ಬಿಟ್ಟ ಹಾಗೆ ಮಟ್ಟ ಇಳಿಯುತ್ತದೆ. ಹಿನ್ನೀರಿನಲ್ಲಿ ಮುಳುಗಿರುವ ಮಡೇನೂರಿನ ಹಳೇ ಡ್ಯಾಮು ತಲೆ ಎತ್ತುವ ಹೊತ್ತಿಗೆ ದಡ ಎಲ್ಲೋ ಕೆಳಗೆ ಹೋಗಿರುತ್ತದೆ. ಸರಿಯಾದ ಇಳಿಜಾರು ನೋಡಿ ಬೋಟು ಕಟ್ಟಿದರೆ ಸಾಕು, ನೀರೇ ಅದನ್ನು ನೆಲದ ಮೇಲೆ ಕೂರಿಸಿ ಹೋಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ವಾಪಸ್ ಬಂದು ಎತ್ತಿಕೊಳ್ಳುತ್ತದೆ. ಬಾಡಿಗೆ ಇಲ್ಲ, ಕ್ರೇನ್ ಇಲ್ಲ. ಅದರ ಲೆಕ್ಕಕ್ಕೆ ನಾವು ಹೊಂದಿಕೊಳ್ಳಬೇಕು, ಅಷ್ಟೇ.

ಬೋಟು ನನ್ನ ಭಾವನದ್ದು. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದ 24 ಅಡಿಯ ಫೈಬರ್ ಬೋಟು, ಒಳಗೇ ಕೂರಿಸಿದ ಡೀಸೆಲ್ ಎಂಜಿನ್. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ಮೇಲೆ "ಇನ್ನು ಬೋಟು ಯಾಕೆ ನಿಮಗೆ?" ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಸೇತುವೆ ಇರುವುದು ಒಂದು ಕಡೆ, ಹಿನ್ನೀರಿನ ಕವಲು ನೂರು ಕಡೆ. ಭಾವನ ತೋಟದ ಒಂದು ತುಂಡು ಕವಲಿನ ಆಚೆ ಇದೆ. ರಸ್ತೆ ಮೇಲೆ ಸುತ್ತಿಕೊಂಡು ಹೋದರೆ ಅರ್ಧ ದಿನ ಅಲ್ಲೇ ಹೋಯಿತು. ಆಳು, ಗೊಬ್ಬರ, ಅಡಿಕೆ ಮೂಟೆ ಎಲ್ಲ ಈ ಬೋಟಿನಲ್ಲೇ.

ಈ ಬೋಟಿಗೆ ನೀರಿನ ಮಟ್ಟಕ್ಕಿಂತ ಕೆಳಗೆ ಮೂರು ತೂತುಗಳಿವೆ. ಒಂದು ಎಂಜಿನ್ ತಂಪು ಮಾಡುವ ನೀರು ಒಳಗೆ ಬರುವುದಕ್ಕೆ, ಒಂದಿಂಚಿನದು. ಇನ್ನೊಂದು ಬೋಟು ತೊಳೆಯುವ ಪಂಪಿಗೆ, ಮುಕ್ಕಾಲು ಇಂಚು. ಮೂರನೆಯದು ಮೇಲೆ ಬಿದ್ದ ಮಳೆನೀರು ಹೊರಗೆ ಹೋಗುವ ದಾರಿ. ಪ್ರತಿ ತೂತಿಗೂ ತಳದಲ್ಲಿ ಒಂದು ಫಿಟಿಂಗ್, ಅದರ ಮೇಲೆ ಒಂದು ವಾಲ್ವ್, ವಾಲ್ವಿನ ಮೇಲೆ ಹೋಸ್. ಸಮುದ್ರದವರು ಈ ವಾಲ್ವಿಗೆ ಸೀಕಾಕ್ ಅನ್ನುತ್ತಾರೆ. ಹೋಸ್ ಒಡೆದರೆ ನೀರು ನಿಲ್ಲಿಸುವುದಕ್ಕೆ ಇರುವುದು ಇದೊಂದೇ.

ನಿಲ್ಲದಿದ್ದರೆ ಎಷ್ಟು ನೀರು ಬರುತ್ತದೆ ಅನ್ನುವ ಅಂದಾಜು ಎಷ್ಟೋ ಜನಕ್ಕೆ ಇರುವುದಿಲ್ಲ. 25 ಮಿ.ಮೀ. ತೂತು, ಮೇಲೆ 40 ಸೆಂ.ಮೀ. ನೀರು ಎಂದಿಟ್ಟುಕೊಳ್ಳಿ. ನೀರು ನುಗ್ಗುವ ವೇಗ ಸೆಕೆಂಡಿಗೆ ಸುಮಾರು 2.8 ಮೀಟರ್. ಅಂಚಿನಲ್ಲಿ ಆಗುವ ತಡೆ ಕಳೆದರೂ ನಿಮಿಷಕ್ಕೆ 50 ಲೀಟರ್ ಹತ್ತಿರ ಬರುತ್ತದೆ. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕು ಇಪ್ಪತ್ತು ನಿಮಿಷದಲ್ಲಿ ತುಂಬಿದ ಹಾಗೆ. ರಾತ್ರಿ ಕಟ್ಟಿಟ್ಟ ಬೋಟು ಬೆಳಿಗ್ಗೆ ಕಾಣದೇ ಹೋಗುವುದಕ್ಕೆ ಇಷ್ಟೇ ಸಾಕು.

ತೇಲುವಾಗಲೇ ಮಾಡಿದ ಪರೀಕ್ಷೆ

ಬೋಟು ನೆಲಕ್ಕೆ ಕೂರುವ ಮೊದಲೇ ಒಂದು ಪರೀಕ್ಷೆ ಮಾಡಬೇಕು. ವಾಲ್ವ್ ನಿಜವಾಗಿ ನೀರು ನಿಲ್ಲಿಸುತ್ತದೋ ಇಲ್ಲವೋ ಎಂದು ತಿಳಿಯುವುದು ನೀರಿನಲ್ಲಿದ್ದಾಗ ಮಾತ್ರ. ಎಂಜಿನ್ ಆಫ್ ಮಾಡಿ, ವಾಲ್ವ್ ಮುಚ್ಚಿ, ವಾಲ್ವ್ ದಾಟಿ ಬಂದ ನೀರಿನ ಕಸ ಸೋಸುವ ಸ್ಟ್ರೈನರಿನ ಮುಚ್ಚಳ ನಿಧಾನವಾಗಿ ಸಡಿಲಿಸುವುದು. ಭಾವನ ಬೋಟಿನಲ್ಲಿ ಸ್ಟ್ರೈನರ್ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದೆ. ವಾಲ್ವ್ ಸರಿ ಇದ್ದರೆ ಒಳಗಿದ್ದ ನೀರಷ್ಟೇ ಚೆಲ್ಲಿ ನಿಲ್ಲುತ್ತದೆ. ಇಲ್ಲದಿದ್ದರೆ ಉಕ್ಕುತ್ತಲೇ ಇರುತ್ತದೆ. ಈ ಕೆಲಸ ಮಾಡುವಾಗ ತೂತಿನ ಅಳತೆಯ ಮರದ ಬಿರಡೆ, ಸುತ್ತಿಗೆ ಪಕ್ಕದಲ್ಲೇ ಇರಬೇಕು.

ಎಂಜಿನ್ ವಾಲ್ವಿನಲ್ಲಿ ನೀರು ಉಕ್ಕಿತು. ಭಾವ ಚಕ್ರ ತಿರುಗಿಸುತ್ತಲೇ ಇದ್ದರು. "ಪೂರ್ತಿ ಮುಚ್ಚಿದೀನಲ್ಲೋ, ಇನ್ನೂ ಬರ್ತಾ ಇದೆ!" ಎಂದರು. ಚಕ್ರ ಎರಡೂ ಕಡೆ ಆರಾಮಾಗಿ ತಿರುಗುತ್ತಿತ್ತು, ನೀರಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. ಮುಚ್ಚಳ ವಾಪಸ್ ಬಿಗಿದೆವು. ತೊಳೆಯುವ ಪಂಪಿನ ವಾಲ್ವ್ ಅಲ್ಲಾಡಲೇ ಇಲ್ಲ. ಮಳೆನೀರಿನ ವಾಲ್ವ್ ತುಸು ಬಿಗಿ, ಆದರೆ ಮುಚ್ಚಿತು.

ಬಿಗಿ ಹಿಡಿದ ವಾಲ್ವಿಗೆ ಪೈಪ್ ತೊಡಿಸಿ ಎಳೆಯುವ ಚಟ ನಮ್ಮ ಕಡೆ ಇದೆ. ತೋಟದ ಪಂಪ್‌ಸೆಟ್ಟಿಗೆ ಸರಿ, ಮುರಿದರೆ ಬದಲಾಯಿಸಬಹುದು. ತೇಲುವ ಬೋಟಿನಲ್ಲಿ ಮಾತ್ರ ಬೇಡವೇ ಬೇಡ. ವಾಲ್ವಿನ ಬದಲು ಕೆಳಗಿನ ಫಿಟಿಂಗ್ ತಿರುಗಿದರೆ ಅಥವಾ ಮುರಿದರೆ ಆಮೇಲೆ ಬಿರಡೆ ಹೊಡೆಯುವುದಕ್ಕೂ ಸರಿಯಾದ ಬಾಯಿ ಉಳಿಯುವುದಿಲ್ಲ.

ನೆಲದ ಮೇಲೆ

ಜಂಬಿಟ್ಟಿಗೆ ಕಲ್ಲಿನ ಗಟ್ಟಿ ಇಳಿಜಾರು ಆರಿಸಿದೆವು. ಮೆತ್ತನೆ ಕೆಸರಾದರೆ ಬೋಟು ಹೂತು ಕೂರುತ್ತದೆ, ತಳಕ್ಕೆ ಕೈ ಹೋಗುವುದಿಲ್ಲ. ಹಿನ್ನೀರಿನ ತಳದಲ್ಲಿ ಮುಳುಗಿದ ಕಾಡಿನ ಮರದ ಬುಡಗಳು ಈಗಲೂ ಇವೆ. ಅವು ಇಲ್ಲದ ಜಾಗವೇ ಬೇಕು. ಅಡಿಗೆ ತೆಂಗಿನ ದಿಮ್ಮಿ, ಎರಡೂ ಬದಿಗೆ ಹಳೇ ಟೈರು. ವಾಲ್ವ್ ಇರುವ ಬದಿ ಮೇಲಕ್ಕೆ ಬರುವ ಹಾಗೆ ತುಸು ಓರೆಯಾಗಿ ಕೂರಿಸಿದರೆ ಮಲಗಿಕೊಂಡು ಕೆಲಸ ಮಾಡುವುದು ತಪ್ಪುತ್ತದೆ.

ಮೊದಲು ಹೊರಗಿನ ಪಾಚಿ, ಕೆಸರು ಕೆರೆದು ತೆಗೆದೆವು. ಆಮೇಲೆ ಸಣ್ಣ ಸುತ್ತಿಗೆಯಲ್ಲಿ ಪ್ರತಿ ಫಿಟಿಂಗಿಗೂ ಮೆಲ್ಲಗೆ ತಟ್ಟಿ ನೋಡಿದೆ. ಒಳ್ಳೆ ಗನ್‌ಮೆಟಲ್, ಅಂದರೆ ತಾಮ್ರವೇ ಹೆಚ್ಚಿರುವ ಮಿಶ್ರಲೋಹ, ಟಣ್ ಎನ್ನುತ್ತದೆ. ಎಂಜಿನ್ ಫಿಟಿಂಗ್ ಡಬ್ ಎಂದಿತು. ಚಾಕುವಿನ ತುದಿಯಲ್ಲಿ ಗೀರಿದರೆ ಹಳದಿ ಬರಬೇಕಿತ್ತು. ಬಂದದ್ದು ನಸುಗೆಂಪು.

ಈ ನಸುಗೆಂಪಿನ ಕಥೆ ಇಷ್ಟು. ಅಂಗಡಿಯಲ್ಲಿ ಸಿಗುವ ಮಾಮೂಲಿ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 60 ಪಾಲು ತಾಮ್ರ, 40 ಪಾಲು ಸತು. ಉಪ್ಪುನೀರಿನಲ್ಲಿ ಸತು ಕರಗಿ ಹೋಗುತ್ತದೆ. ತಾಮ್ರ ಮಾತ್ರ ಜಾಗದಲ್ಲಿ ನಿಂತಿರುತ್ತದೆ, ಸಣ್ಣ ಸಣ್ಣ ತೂತುಗಳ ಸಮೇತ. ಅಳತೆ ಅದೇ, ಆಕಾರ ಅದೇ, ಥ್ರೆಡ್ ಕೂಡ ಕಾಣುತ್ತದೆ. ಬಲ ಮಾತ್ರ ಇರುವುದಿಲ್ಲ. ಈ ಬೋಟು ವರ್ಷಗಟ್ಟಲೆ ಸಮುದ್ರದಲ್ಲಿ ದುಡಿದು ಬಂದದ್ದು. ಆ ಕೆಲಸ ಬಹುಪಾಲು ಅಲ್ಲೇ ಮುಗಿದಿತ್ತು. ಹಾಗಂತ ನಮ್ಮ ಸಿಹಿನೀರು ಸಾಧು ಎಂದು ತಿಳಿಯಬೇಡಿ. ಉಪ್ಪು, ಸುಣ್ಣ ಕಡಿಮೆ ಇದ್ದು ತುಸು ಹುಳಿ ಗುಣ ಇರುವ ಮೆದು ನೀರೂ ಹಿತ್ತಾಳೆಯ ಸತುವನ್ನು ಎಳೆಯುತ್ತದೆ. ನಿಧಾನವಾಗಿ, ಅಷ್ಟೇ ವ್ಯತ್ಯಾಸ.

ಗನ್‌ಮೆಟಲ್ ಬೇರೆ. ಬೋಟಿಗೆ ಬಳಸುವ ಸಾಮಾನ್ಯ ಜಾತಿಯಲ್ಲಿ ತಾಮ್ರ 85 ಪಾಲು, ತವರ, ಸತು, ಸೀಸ ತಲಾ 5. ಕರಗುವುದಕ್ಕೆ ಸತುವೇ ಜಾಸ್ತಿ ಇಲ್ಲ. ಸತು ಬಿಡದ ಹಾಗೆ ಮಾಡಿದ ಡಿಝಡ್ಆರ್ ಹಿತ್ತಾಳೆಯೂ ನಡೆಯುತ್ತದೆ. ಬಣ್ಣ ನೋಡಿ ಹೇಳುವುದು ಕಷ್ಟ. ಆಯಸ್ಕಾಂತ ಹಿಡಿದರೂ ಹಿತ್ತಾಳೆ, ಗನ್‌ಮೆಟಲ್ ಎರಡಕ್ಕೂ ಅಂಟುವುದಿಲ್ಲ. ಆದರೆ ಆಯಸ್ಕಾಂತ ಜೇಬಿನಲ್ಲಿರಲಿ. ಅಗ್ಗದ ಬಾಲ್ ವಾಲ್ವಿನ ಒಳಗುಂಡು ಕ್ರೋಮ್ ಹಚ್ಚಿದ ಕಬ್ಬಿಣವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎಂಜಿನ್ ವಾಲ್ವ್ ಬಿಚ್ಚಿದಾಗ ಎಲ್ಲ ಸ್ಪಷ್ಟವಾಯಿತು. ಯಾರೋ ಹಿಂದಿನವರು ಕೆಂಪು ಚಕ್ರದ ಹಿತ್ತಾಳೆ ಗೇಟ್ ವಾಲ್ವ್ ಹಾಕಿದ್ದರು. ನಮ್ಮ ತೋಟದ ಲೈನಿನಲ್ಲಿ ಇರುವಂಥದ್ದೇ. ಒಳಗಿನ ಕಡ್ಡಿಯ ತುದಿ ತಿಂದು ಹೋಗಿ ಗೇಟು ಅದರಿಂದ ಕಳಚಿಕೊಂಡಿತ್ತು. ಚಕ್ರ ತಿರುಗಿದರೆ ಕಡ್ಡಿ ಮಾತ್ರ ತಿರುಗುತ್ತಿತ್ತು. ಗೇಟು ಅರ್ಧದಲ್ಲಿ ಸಿಕ್ಕಿಕೊಂಡು ಅದರ ಕೆಳಗೆ ಕೆಸರು ಗಟ್ಟಿಯಾಗಿತ್ತು. ಬೋಟಿನ ತಳಕ್ಕೆ ಗೇಟ್ ವಾಲ್ವ್ ಬೇಡವೇ ಬೇಡ ಅನ್ನುವವರ ಪೈಕಿ ನಾನೂ ಒಬ್ಬ. ತೆರೆದಿದೆಯೋ ಮುಚ್ಚಿದೆಯೋ ದೂರದಿಂದ ಕಾಣುವುದಿಲ್ಲ. ಒಂದು ಕಲ್ಲಿನ ಹರಳು ಕೂತರೂ ಮುಚ್ಚುವುದಿಲ್ಲ. ವಾಲ್ವಿಗೂ ಹೋಸಿಗೂ ನಡುವೆ ಜಿಐ ನಿಪ್ಪಲ್ ಬೇರೆ ಹಾಕಿದ್ದರು. ಅದು ತುಕ್ಕು ಹಿಡಿದು ಗೋಡೆ ಕಾಗದದಷ್ಟು ತೆಳ್ಳಗಾಗಿತ್ತು.

ಫಿಟಿಂಗ್ ತೆಗೆದದ್ದು

ತಳದ ಫಿಟಿಂಗಿಗೆ ಹೊರಗೆ ಅಣಬೆ ತಲೆ, ಒಳಗೆ ಥ್ರೆಡ್ ಮತ್ತು ದೊಡ್ಡ ನಟ್ಟು. ಕೊಳವೆಯ ಒಳಗೆ ಎರಡು ಸಣ್ಣ ಉಬ್ಬು ಇರುತ್ತವೆ. ಅದಕ್ಕೆ ಸಿಕ್ಕುವ ಹಾಗೆ ಚಪ್ಪಟೆ ಪಟ್ಟಿಯೊಂದನ್ನು ಅರ ಹಾಕಿ ಮಾಡಿಕೊಂಡರೆ ಅದೇ ಸ್ಪ್ಯಾನರ್. ನಾನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಲೇತ್ ಅಂಗಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿಕೊಂಡೆ, ಮೂರೂ ಅಳತೆಗೆ ಒಂದೇ ಪಟ್ಟಿ ಆಗುತ್ತದೆ. ಇಲ್ಲಿ ಮಾತ್ರ ಉಪಯೋಗಕ್ಕೆ ಬರಲಿಲ್ಲ. ತಿರುಗಿಸಿದ ಕೂಡಲೇ ಒಳಗಿನ ಉಬ್ಬು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಕೊನೆಗೆ ಗ್ರೈಂಡರಿನಲ್ಲಿ ಹೊರಗಿನ ಅಣಬೆ ತಲೆಯನ್ನು ಸವೆಸಿ, ಉಳಿದ ಕೊಳವೆಯನ್ನು ಒಳಕ್ಕೆ ತಟ್ಟಿ ತೆಗೆದೆವು. ಗ್ರೈಂಡರ್ ಹಿಡಿದಾಗ ಅವಸರ ಬೇಡ. ಲೋಹ ಕಾದರೆ ಫೈಬರ್ ಸುಡುತ್ತದೆ. ತುಸು ಸವೆಸಿ, ಒದ್ದೆ ಬಟ್ಟೆ ಇಟ್ಟು, ಮತ್ತೆ ತುಸು.

ತೂತಿನ ಅಂಚು ನೋಡಿದರೆ ಫೈಬರ್ ಗಟ್ಟಿ ಇತ್ತು, ನಡುವೆ ಪ್ಲೈವುಡ್ ತಿರುಳು ಇರಲಿಲ್ಲ. ಅದೊಂದು ಸಮಾಧಾನ. ತಿರುಳು ಇದ್ದಿದ್ದರೆ ಅದನ್ನು ಕೆರೆದು ಎಪಾಕ್ಸಿ ತುಂಬುವ ದೊಡ್ಡ ಕೆಲಸ ಬರುತ್ತಿತ್ತು. ನಟ್ಟಿನ ಕೆಳಗಿದ್ದ ಪ್ಲೈವುಡ್ ಬಿಲ್ಲೆ ಮಾತ್ರ ಕೊಳೆತು ಕೈಗೇ ಬಂತು. ತೂತಿನ ಸುತ್ತ ಒಳಗೂ ಹೊರಗೂ 80 ನಂಬರಿನ ಎಮರಿ ಉಜ್ಜಿ, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಬರಿ ಅಂಚಿಗೆ ಎಪಾಕ್ಸಿ ಹಚ್ಚಿ ಒಣಗಲು ಬಿಟ್ಟೆವು.

ಹೊಸದು ಕೂರಿಸಿದ್ದು

ವಾಲ್ವ್ ತರುವುದಕ್ಕೆ ನಾಗೋಡಿ ಘಾಟಿ ಇಳಿದು ಕೊಲ್ಲೂರಿನ ಮೇಲೆ ಗಂಗೊಳ್ಳಿಗೆ ಹೋದೆವು. ಮೀನುಗಾರಿಕೆ ಬಂದರು ಇರುವ ಊರಿನಲ್ಲಿ ಈ ಸಾಮಾನು ಕೇಳಿದರೆ ಯಾರೂ ವಿಚಿತ್ರವಾಗಿ ಮುಖ ನೋಡುವುದಿಲ್ಲ. ಪಕ್ಕದ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಹೊಳೆಯುವ ಹಿತ್ತಾಳೆ ಬಾಲ್ ವಾಲ್ವ್ ಕೊಡುತ್ತಾರೆ, ಬೆಲೆಯೂ ಕಡಿಮೆ. ಅದು ಮನೆಯ ನಲ್ಲಿಗೆ.

ನಾವು ತಂದದ್ದು ಗನ್‌ಮೆಟಲ್ ಅಣಬೆ ಫಿಟಿಂಗ್ ಮತ್ತು ಅಗಲ ಪಾದದ ಗನ್‌ಮೆಟಲ್ ಬಾಲ್ ವಾಲ್ವ್. ಪಾದದಲ್ಲಿ ಬೋಲ್ಟಿಗೆ ಮೂರು ತೂತು. ಇದರ ಲಾಭ ಏನೆಂದರೆ, ಯಾರಾದರೂ ವಾಲ್ವಿನ ಮೇಲೆ ಕಾಲಿಟ್ಟರೆ ಭಾರ ಪಾದಕ್ಕೆ ಹೋಗುತ್ತದೆ, ತೆಳು ಥ್ರೆಡ್ಡಿಗೆ ಹೋಗುವುದಿಲ್ಲ. ಅಮೆರಿಕದ ಬೋಟು ಮಾನದಂಡ ಸಂಸ್ಥೆ ಎಬಿವೈಸಿ ಪ್ರಕಾರ ಸೀಕಾಕ್‌ನ ಒಳತುದಿ 500 ಪೌಂಡ್, ಅಂದರೆ 227 ಕೆ.ಜಿ. ಭಾರವನ್ನು 30 ಸೆಕೆಂಡ್ ತಡೆಯಬೇಕು. ಹಳೆಯದಕ್ಕೆ ನನ್ನ ಮೊಣಕಾಲು ತಾಗಿದ್ದರೂ ಮುರಿಯುತ್ತಿತ್ತು.

ಥ್ರೆಡ್ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಸಿಗುವುದು ಬಿಎಸ್‌ಪಿ ಅನ್ನುವ ಬ್ರಿಟಿಷ್ ಅಳತೆಯ ಥ್ರೆಡ್. ಹೊರಗಿನಿಂದ ಬಂದ ಕೆಲವು ಸಾಮಾನು ಎನ್‌ಪಿಟಿ, ಅಮೆರಿಕದ ಅಳತೆ. ಅರ್ಧ, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಕೂತ ಹಾಗೆ ಮೋಸ ಮಾಡುತ್ತದೆ. ಒಂದಿಂಚಿನಲ್ಲಿ ಬಿಎಸ್‌ಪಿಗೆ 11, ಎನ್‌ಪಿಟಿಗೆ ಹನ್ನೊಂದೂವರೆ. ಎರಡು ಮೂರು ಸುತ್ತು ಹೋಗಿ ಬಿಗಿಯಾಗುತ್ತದೆ, ನಾವು ಪೂರ್ತಿ ಕೂತಿತು ಅಂದುಕೊಳ್ಳುತ್ತೇವೆ. ಅಂಗಡಿಯಲ್ಲೇ ಬರಿಗೈಯಲ್ಲಿ ತಿರುಗಿಸಿ ನೋಡಿಯೇ ದುಡ್ಡು ಕೊಡಬೇಕು.

ಪಾದದ ಕೆಳಗಿನ ಬಿಲ್ಲೆಗೆ ಟ್ರಾನ್ಸ್‌ಫಾರ್ಮರ್ ಕೆಲಸಕ್ಕೆ ಬಳಸುವ ಗ್ಲಾಸ್ ಎಪಾಕ್ಸಿ ಶೀಟ್ ತೆಗೆದುಕೊಂಡೆವು, 12 ಮಿ.ಮೀ. ದಪ್ಪ. ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ. ಕತ್ತರಿಸುವಾಗ ಏಳುವ ಧೂಳು ಕೆಟ್ಟದ್ದು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಬೋಲ್ಟುಗಳನ್ನು ಬಿಲ್ಲೆಯ ಕೆಳಗಿನಿಂದ ತಲೆ ಹೂತು ಹೋಗುವ ಹಾಗೆ ತೂರಿಸಿ, ಆಮೇಲೆ ಬಿಲ್ಲೆಯನ್ನು ಎಪಾಕ್ಸಿಯಲ್ಲಿ ತಳಕ್ಕೆ ಅಂಟಿಸಿದೆವು. ಬೋಟಿನ ತಳಕ್ಕೆ ಬೋಲ್ಟಿನ ಹೊಸ ತೂತು ಒಂದೂ ಬೀಳಲಿಲ್ಲ. ಬೋಲ್ಟು 316 ಸ್ಟೇನ್‌ಲೆಸ್.

ಸೀಲೆಂಟ್ ಇಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿದೆವು. ಅಣಬೆ ತಲೆ ತಳಕ್ಕೆ ಮುಟ್ಟುವ ಮೊದಲೇ ಕೊಳವೆಯ ತುದಿ ವಾಲ್ವಿನ ಒಳಗೆ ತಾಗುತ್ತಿತ್ತು. ಹ್ಯಾಕ್ಸಾದಲ್ಲಿ ತುದಿ ಕತ್ತರಿಸಿ ಅರ ಹಾಕಿದ ಮೇಲೆ ಸರಿಯಾಯಿತು. ಸೀಲೆಂಟ್ ಬೋಟಿಗೆಂದೇ ಬರುವ ಪಾಲಿಯುರಿಥೇನ್. ಬಾತ್‌ರೂಮಿನ ಸಿಲಿಕೋನ್ ನೀರಿನ ಕೆಳಗೆ ಬೇಡ, ಥ್ರೆಡ್ಡಿಗೆ ಟೆಫ್ಲಾನ್ ಟೇಪೂ ಬೇಡ. ಭಾವ ಒಳಗೆ ವಾಲ್ವ್ ಕೂರಿಸಿ ಬೋಲ್ಟ್ ಬಿಗಿದರು. ನಾನು ಹೊರಗಿನಿಂದ ಮೆಟ್ಟಿಲು ಪಟ್ಟಿ ಹಾಕಿ ಅಣಬೆ ತಿರುಗಿಸಿದೆ. ಸುತ್ತಲೂ ಒಂದೇ ಸಮ ಸೀಲೆಂಟ್ ಹೊರಗೆ ಬಂದರೆ ಒಳಗೆ ಎಲ್ಲೂ ಖಾಲಿ ಇಲ್ಲ ಎಂದರ್ಥ. ಈ ಸೀಲೆಂಟ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಮಲೆನಾಡಿನಲ್ಲಿ ಅದಕ್ಕೇನು ಬರ?

ಹೋಸ್ ಒಳಗೆ ತಂತಿ ಸುರುಳಿ ಇರುವ ಸಕ್ಷನ್ ಹೋಸ್ ಆಗಿರಬೇಕು. ಗಿಡಕ್ಕೆ ನೀರು ಬಿಡುವ ಹಸಿರು ಪೈಪು ಎಳೆತಕ್ಕೆ ಚಪ್ಪಟೆಯಾಗಿ ಎಂಜಿನ್ ಕಾಯುತ್ತದೆ. ಪ್ರತಿ ತುದಿಗೂ ಎರಡು ಸ್ಟೇನ್‌ಲೆಸ್ ಕ್ಲಿಪ್, ಸ್ಕ್ರೂ ಒಂದಕ್ಕೊಂದು ಎದುರು ಬದಿಗೆ. ಎರಡು ಕ್ಲಿಪ್ಪಿಗೆ ಸಾಲದಷ್ಟು ಗಿಡ್ಡ ಮೂತಿಯಾದರೆ ಮೂತಿಯನ್ನೇ ಬದಲಾಯಿಸಿ.

ಹಳೇ ಕೋನ್ ವಾಲ್ವ್

ನನಗೆ ಖುಷಿ ಕೊಟ್ಟದ್ದು ತೊಳೆಯುವ ಪಂಪಿನ ವಾಲ್ವ್. ಅಲ್ಲಾಡದೇ ಇದ್ದದ್ದು. ತಟ್ಟಿದರೆ ಗಂಟೆ ಹೊಡೆದಷ್ಟು ಸ್ಪಷ್ಟ ಸದ್ದು, ಅಪ್ಪಟ ಗನ್‌ಮೆಟಲ್. ಒಳಗೆ ಗುಂಡಿನ ಬದಲು ಒಂದು ಕಡೆ ಸಣ್ಣದಾಗುತ್ತಾ ಹೋಗುವ ಕೋನ್, ನಡುವೆ ಅಡ್ಡ ತೂತು. ಈ ಹಳೇ ಮಾದರಿಯಲ್ಲಿ ಎಲ್ಲ ಬಿಚ್ಚಬಹುದು, ಎಲ್ಲ ಸರಿಮಾಡಬಹುದು.

ಕುದಿಯುವ ನೀರು ಹೊಯ್ದು, ಎಣ್ಣೆ ಬಿಟ್ಟು, ಮರದ ತುಂಡು ಇಟ್ಟು ಕೆಳಗಿನಿಂದ ತಟ್ಟಿದ ಮೇಲೆ ಕೋನ್ ಹೊರಬಂತು. ಗ್ರೀಸು ಒಣಗಿ ಅಂಟಾಗಿತ್ತು, ಅಷ್ಟೇ ರೋಗ. ಮೈಮೇಲೆ ಸಣ್ಣ ಗೀರುಗಳಿದ್ದವು. ಗ್ಯಾರೇಜಿನವರು ಎಂಜಿನ್ ವಾಲ್ವಿಗೆ ಬಳಸುವ ನುಣುಪು ಗ್ರೈಂಡಿಂಗ್ ಪೇಸ್ಟನ್ನು ತುಸುವೇ ಹಚ್ಚಿ, ಕೋನನ್ನು ಅದರ ಗೂಡಿನಲ್ಲಿ ಇಟ್ಟು, ಅತ್ತ ಅರ್ಧ ಸುತ್ತು ಇತ್ತ ಅರ್ಧ ಸುತ್ತು ತಿರುಗಿಸುತ್ತಾ, ಆಗಾಗ ಎತ್ತಿ ಇಟ್ಟು ಉಜ್ಜಿದೆ. ಆದದ್ದು ತಿಳಿಯುವುದಕ್ಕೆ ಪೆನ್ಸಿಲ್ ಸಾಕು. ಪೇಸ್ಟ್ ಒರೆಸಿ ಕೋನಿನ ಮೇಲೆ ಉದ್ದಕ್ಕೆ ಗೆರೆ ಎಳೆದು, ಗೂಡಿನಲ್ಲಿ ಇಟ್ಟು ಒಂದು ಸಲ ತಿರುಗಿಸಿ ತೆಗೆದರೆ, ಎಲ್ಲ ಕಡೆ ತಾಗಿದ್ದರೆ ಗೆರೆ ಪೂರ್ತಿ ಅಳಿಸಿರುತ್ತದೆ. ಅಳಿಸಿದ ಕೂಡಲೇ ನಿಲ್ಲಿಸಬೇಕು. ಚಂದ ಆಗ್ತಾ ಇದೆ ಎಂದು ಉಜ್ಜುತ್ತಲೇ ಹೋದರೆ ಕೋನ್ ಕೆಳಗಿಳಿದು ಅಡ್ಡ ತೂತುಗಳು ಒಂದಕ್ಕೊಂದು ಸೇರುವುದಿಲ್ಲ.

ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ತೊಳೆದೆ. ಪೇಸ್ಟಿನ ಒಂದು ಹರಳು ಉಳಿದರೂ ಅದು ದಿನಾ ಸವೆಸುತ್ತಲೇ ಇರುತ್ತದೆ. ನೀರಿಗೆ ಜಗ್ಗದ ಗ್ರೀಸ್ ಹಚ್ಚಿ ಜೋಡಿಸಿದೆವು. ಮೇಲಿನ ತಟ್ಟೆಯ ಬೋಲ್ಟು ಕೈಯಲ್ಲಿ ಹಿಡಿ ತಿರುಗುವಷ್ಟೇ ಬಿಗಿ.

ಮಳೆನೀರಿನ ವಾಲ್ವ್ ಬಾಲ್ ಮಾದರಿ, ಲೋಹ ಚೆನ್ನಾಗಿತ್ತು. ಮುಚ್ಚಿದ ಸ್ಥಿತಿಯಲ್ಲಿ ಹೊರಗಿನ ತೂತಿನಿಂದ ಬ್ರಷ್ ತೂರಿಸಿ ಗುಂಡಿಗೆ ಗ್ರೀಸ್, ಹೋಸ್ ತೆಗೆದು ಒಳಗಿನಿಂದಲೂ ಗ್ರೀಸ್, ಕೆಲವು ಸಲ ತೆರೆದು ಮುಚ್ಚಿ ಬಿಟ್ಟೆವು.

ಬಿರಡೆ, ಮೆಗ್ನೀಷಿಯಂ, ಕೀಲಿಕೈ

ಪ್ರತಿ ವಾಲ್ವಿನ ಪಕ್ಕ ಅದರದೇ ಅಳತೆಯ ಮರದ ಬಿರಡೆಯನ್ನು ದಾರದಲ್ಲಿ ಕಟ್ಟಿದ್ದೇವೆ. ಭಾವ ಮೊದಲು ಸಾಗುವಾನಿ ತುಂಡು ತಂದಿದ್ದರು. ಗಟ್ಟಿ ಮರ ಇದಕ್ಕೆ ಬರುವುದಿಲ್ಲ. ಒತ್ತಿದರೆ ತೂತಿನ ಆಕಾರಕ್ಕೆ ಬಗ್ಗಬೇಕು, ನೆನೆದರೆ ಉಬ್ಬಬೇಕು. ಬೂರುಗದ ಮರ ಅದಕ್ಕೆ ಹೇಳಿಸಿದ್ದು. ಹಾಲವಾಣವೂ ಆದೀತು.

ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸಮುದ್ರದ ಕಾಲದ ಸತುವಿನ ತುಂಡು ಇತ್ತು, ಮೇಲೆಲ್ಲ ಬಿಳಿ ಪದರ. ಬೇರೆ ಲೋಹದ ಬದಲು ತಾನು ಕರಗುವುದು ಅದರ ಕೆಲಸ. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಆ ಕೆಲಸ ನಿಂತುಹೋಗುತ್ತದೆ. ಇಲ್ಲಿಗೆ ಬೇಕಾದದ್ದು ಮೆಗ್ನೀಷಿಯಂ, ಮನೆಯ ಗೀಸರಿನ ಟ್ಯಾಂಕಿನಲ್ಲಿ ಇರುವ ಲೋಹವೇ. ಅದನ್ನೇ ಸಮುದ್ರಕ್ಕೆ ಒಯ್ದರೆ ಬೇಗ ಕರಗಿ ಮುಗಿಯುತ್ತದೆ. ಕರಾವಳಿಯ ಬೋಟು ಘಟ್ಟ ಹತ್ತಿಸಿದವರು ಇದನ್ನು ಗಮನಿಸಿ.

ವಾಲ್ವ್ ಮುಚ್ಚಿಟ್ಟು ಮರೆತು ಎಂಜಿನ್ ಸ್ಟಾರ್ಟ್ ಮಾಡಿದರೆ ನೀರಿಲ್ಲದೆ ಪಂಪಿನ ರಬ್ಬರ್ ಇಂಪೆಲ್ಲರ್ ಕ್ಷಣದಲ್ಲಿ ಹಾಳು. ಅದಕ್ಕೇ ಈಗ ಎಂಜಿನ್ ಕೀಲಿಕೈಯ ಜಾಗ ವಾಲ್ವಿನ ಹಿಡಿ. ಬೋಟು ಕಟ್ಟಿದಾಗ ವಾಲ್ವ್ ಮುಚ್ಚಿ ಕೀಲಿಕೈ ಅಲ್ಲಿ ನೇತು ಹಾಕುವುದು, ಹೊರಡುವಾಗ ಕೀಲಿಕೈಗೆ ಕೈ ಹಾಕಿದರೆ ವಾಲ್ವ್ ತೆರೆಯುವುದು ನೆನಪಾಗುತ್ತದೆ. ವಾಲ್ವಿಗೂ ದಿನಾ ವ್ಯಾಯಾಮ. ತಿರುಗಿಸದೇ ಬಿಟ್ಟ ವಾಲ್ವೇ ಅಲ್ವಾ ಕೊನೆಗೆ ಕಚ್ಚಿಕೊಳ್ಳುವುದು?

ಮಳೆ ಹಿಡಿದು ನೀರು ಏರಿ ಬಂದಾಗ ಮೂರೂ ವಾಲ್ವ್ ಮುಚ್ಚಿಯೇ ಬೋಟು ತೇಲಿಸಿದೆವು. ಪ್ರತಿ ಫಿಟಿಂಗಿನ ಸುತ್ತ ಒಣ ಕಾಗದ ಒತ್ತಿ ನೋಡಿದೆವು, ಒದ್ದೆ ಇರಲಿಲ್ಲ. ಆಮೇಲೆ ಒಂದೊಂದಾಗಿ ತೆರೆದು ಹೋಸಿನ ತುದಿಗಳನ್ನು ನೋಡಿದೆವು. ಕೋನ್ ವಾಲ್ವಿನ ತಟ್ಟೆಯಲ್ಲಿ ಒಂದು ಹನಿ ಕೂತಿತ್ತು, ಬೋಲ್ಟು ಕಾಲು ಸುತ್ತು ಬಿಗಿದ ಮೇಲೆ ನಿಂತಿತು. ಹೊಸ ವಾಲ್ವಿನ ಮೇಲೆ ಭಾವ ಬೇಕೆಂದೇ ಕಾಲಿಟ್ಟು ನಿಂತು ನೋಡಿದರು, ಏನೂ ಅಲ್ಲಾಡಲಿಲ್ಲ. ರಾತ್ರಿ ವಾಲ್ವ್ ತೆರೆದೇ ಬಿಟ್ಟು ಬೆಳಿಗ್ಗೆ ಹೋಗಿ ನೋಡಿದಾಗ ತಳದಲ್ಲಿ ಕಂಡ ಅಷ್ಟಿಷ್ಟು ನೀರು ಶಾಫ್ಟಿನ ಗ್ಲ್ಯಾಂಡಿನದು, ಅಂದರೆ ಶಾಫ್ಟ್ ಹೊರಗೆ ಹೋಗುವ ಕಡೆ ನೀರು ತಡೆಯುವ ಜೋಡಣೆಯದು. ಗ್ಲ್ಯಾಂಡ್ ನಟ್ಟು ಇನ್ನು ಬಿಗಿಯುವುದಕ್ಕೆ ಜಾಗ ಉಳಿದಿಲ್ಲ, ಒಳಗಿನ ಪ್ಯಾಕಿಂಗ್ ಹಗ್ಗವೇ ಬದಲಾಗಬೇಕು. ಹಗ್ಗ ಗಂಗೊಳ್ಳಿಯಿಂದಲೇ ತಂದಿಟ್ಟಿದ್ದೇವೆ. ಅದು ಮುಂದಿನ ಬೇಸಿಗೆಯ ಕೆಲಸ.